ಯಾವ ಕಾನೂನಿನ ಪ್ರಕಾರ?

ಆತ್ಮೀಯ ಕೇಳುಗರೇ, ನಮಸ್ಕಾರ. ಪ್ರಜಾಪ್ರಭುತ್ವ ಎಂದೊಡನೆ ಮತಗಟ್ಟೆ, ಬೆರಳಿನ ಶಾಯಿ, ಗೆದ್ದವರ ಮೆರವಣಿಗೆ ನೆನಪಾಗುತ್ತವೆ. ಮತದಾನವೊಂದೇ ಪ್ರಜಾಪ್ರಭುತ್ವ ಎನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ಯುರೋಪಿನ ಜ್ಞಾನೋದಯ ಯುಗದ ಚಿಂತಕರು ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ, ಅಧಿಕಾರಸ್ಥರು ನಮ್ಮ ಮೇಲೆ ಬಲ ಪ್ರಯೋಗಿಸಿದಾಗ ‘ಯಾವ ಕಾನೂನಿನ ಪ್ರಕಾರ?’ ಎಂದು ಕೇಳುವ ಹಕ್ಕು.

1762ರ ನವೆಂಬರ್ 11ರಂದು, ಲಂಡನ್ ಬಳಿಯ ಸ್ಟೆಪ್ನಿಯಲ್ಲಿದ್ದ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ರಾಜನ ಸರ್ಕಾರದ ಆದೇಶಗಳನ್ನು ಜಾರಿಮಾಡುವ ದೂತರಾದ ನೇಥನ್ ಕ್ಯಾರಿಂಗ್ಟನ್ ಮತ್ತು ಇನ್ನೂ ಮೂವರು ನುಗ್ಗಿದರು. ಸರ್ಕಾರವನ್ನು ಟೀಕಿಸುತ್ತಿದ್ದ ‘ಮಾನಿಟರ್’ ಎಂಬ ವಾರಪತ್ರಿಕೆಗೆ ಎಂಟಿಕ್ ಬರೆಯುತ್ತಾನೆ ಎಂಬುದು ಅವನ ಮೇಲಿದ್ದ ಆರೋಪ. ಬಂದವರ ಕೈಯಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಮಂತ್ರಿಯ ವಾರಂಟ್ ಇತ್ತು. ನಾಲ್ಕು ಗಂಟೆಗಳ ಕಾಲ ಅವರು ಬೀಗ ಮುರಿದು, ಪೆಟ್ಟಿಗೆಗಳನ್ನು ಜಾಲಾಡಿ, ಅವನ ಖಾಸಗಿ ಕಾಗದಗಳನ್ನು ಓದಿ, ರಾಶಿ ಕಾಗದಗಳನ್ನು ಹೊತ್ತೊಯ್ದರು. ಎಂಟಿಕ್ ಸುಮ್ಮನಿರಲಿಲ್ಲ, ಆ ದೂತರ ಮೇಲೆಯೇ ಅತಿಕ್ರಮ ಪ್ರವೇಶದ ದಾವೆ ಹೂಡಿದ. ಜ್ಯೂರಿ ಅವನಿಗೆ 300 ಪೌಂಡ್ ಪರಿಹಾರ ನಿಗದಿ ಮಾಡಿತು.

ಇಂಥ ವಾರಂಟುಗಳು ಹಿಂದಿನಿಂದಲೂ ನಡೆದುಬಂದಿವೆ, ರಾಜ್ಯದ ಹಿತಕ್ಕೆ ಇವು ಅಗತ್ಯ ಎಂದು ದೂತರ ಪರ ವಕೀಲರು ವಾದಿಸಿದರು. 1765ರಲ್ಲಿ ಮುಖ್ಯ ನ್ಯಾಯಮೂರ್ತಿ ಕ್ಯಾಮ್ಡನ್ ಕೊಟ್ಟ ಉತ್ತರವನ್ನು ಎಷ್ಟು ಸಲ ಓದಿದರೂ ನನಗೆ ರೋಮಾಂಚನವಾಗುತ್ತದೆ. ಅನುಮತಿಯಿಲ್ಲದೆ ಇನ್ನೊಬ್ಬನ ನೆಲದ ಹುಲ್ಲನ್ನು ತುಳಿದರೂ ಅದು ಅತಿಕ್ರಮ. ತುಳಿದವನು ತನಗೆ ಅಧಿಕಾರ ಕೊಟ್ಟ ಕಾನೂನನ್ನು ತೋರಿಸಬೇಕು. ಅಂಥ ಕಾನೂನು ಇದ್ದಿದ್ದರೆ ನಮ್ಮ ಗ್ರಂಥಗಳಲ್ಲಿ ಸಿಗುತ್ತಿತ್ತು, ಸಿಗದಿದ್ದರೆ ಅದು ಕಾನೂನೇ ಅಲ್ಲ ಎಂದರು ಅವರು. ಮಂತ್ರಿಯ ಸಹಿಯನ್ನು ಎದುರಿಗಿಟ್ಟುಕೊಂಡೇ ನ್ಯಾಯಾಲಯವು ‘ಯಾವ ಕಾನೂನಿನ ಪ್ರಕಾರ?’ ಎಂದು ಕೇಳಿತು!

ಈ ತೀರ್ಪಿನ ಹಿಂದೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಅವರ ವಿಚಾರ ಕೇಳಿಸುತ್ತದೆ: ಜನರು ತಮ್ಮ ಜೀವ, ಸ್ವಾತಂತ್ರ್ಯ, ಆಸ್ತಿಗಳ ರಕ್ಷಣೆಗಾಗಿ ಒಪ್ಪಿ ಕಟ್ಟಿಕೊಂಡದ್ದೇ ಸರ್ಕಾರ. ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಅವರ ಬಗ್ಗೆ ವಿವರವಾಗಿ ಹೇಳಲು ಸಮಯ ಉಳಿದಿಲ್ಲ; ಶಾಸನ ಮಾಡುವವರು, ಆಡಳಿತ ನಡೆಸುವವರು, ತೀರ್ಪು ಕೊಡುವವರು ಒಬ್ಬರೇ ಆದರೆ ಸ್ವಾತಂತ್ರ್ಯ ಉಳಿಯದು ಎಂದು ಅವರು 1748ರಲ್ಲೇ ಬರೆದಿದ್ದರು. ಇಂಗ್ಲೆಂಡಿನಲ್ಲಿ ನ್ಯಾಯಾಧೀಶರನ್ನು ರಾಜನು ಮನಬಂದಂತೆ ತೆಗೆದುಹಾಕದಂತೆ 1701ರ ಕಾಯಿದೆ ತಡೆದಿತ್ತು. ಆದ್ದರಿಂದಲೇ ಕ್ಯಾಮ್ಡನ್ ನಿರ್ಭಯವಾಗಿ ಪ್ರಶ್ನಿಸಬಲ್ಲವರಾದರು. ಅಮೆರಿಕದಲ್ಲಿ ಅಕಾರಣ ಶೋಧವನ್ನು ನಿಷೇಧಿಸುವ ಸಂವಿಧಾನ ತಿದ್ದುಪಡಿ 1791ರಲ್ಲಿ ಬಂತು.

ನಮ್ಮ ಸಂವಿಧಾನದ 50ನೆಯ ಅನುಚ್ಛೇದವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಪ್ರತ್ಯೇಕಿಸಲು ರಾಜ್ಯಕ್ಕೆ ನಿರ್ದೇಶಿಸುತ್ತದೆ. 21ನೆಯ ಅನುಚ್ಛೇದದ ಪ್ರಕಾರ, ಕಾನೂನು ವಿಧಿಸಿದ ಕ್ರಮದಿಂದಲ್ಲದೆ ಯಾರ ಜೀವವನ್ನಾಗಲಿ, ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ. ಮನೆಯಲ್ಲಿ ಸಂವಿಧಾನದ ಪ್ರತಿ ಇದ್ದರೆ ಆ ಅನುಚ್ಛೇದವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಅದು ಒಂದೇ ವಾಕ್ಯ. ನಮಸ್ಕಾರ.