ಒಳಗೆ ಹೋದ ತೋಟಾ, ಹೊಂದಿದ ತೋಟಾ

ಮಡಿಕೇರಿ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಗದ್ದೆಯಲ್ಲಿ ನಾಟಿ ಮುಗಿಯುತ್ತಾ ಬಂತು. ಸೆಪ್ಟೆಂಬರ್ 3ಕ್ಕೆ ಕೈಲ್ ಪೋಳ್ದ್, ನಮ್ಮ ಕೊಡವರ ಆಯುಧ ಹಬ್ಬ. ಕನ್ನಿಕೋಂಬರೆಯ, ಅಂದರೆ ಪೂಜೆಯ ಕೋಣೆಯ, ಕೋವಿಗಳು ಹೊರಗೆ ಬಂದು, ಎಣ್ಣೆ ಕಂಡು, ತೋಕ್ ಪೂ ಎಂಬ ಕೋವಿ ಹೂವು ಮುಡಿಯುವ ದಿನ. ಪೂಜೆ ಆಗಿ, ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ ಊಟ ಆದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಸೈನ್ಯದಲ್ಲಿ 22 ವರ್ಷ ಆರ್ಮರರ್ ಆಗಿ ಕೋವಿ ಬಿಚ್ಚಿ ಜೋಡಿಸಿದವನು ನಾನು. ಹಾಗಾಗಿ ಆಗಸ್ಟ್ ಬಂತೆಂದರೆ ಮನೆಗೆ ಫೋನು ಬರುತ್ತದೆ: "ಮಾವ, ಯಾವ ತೋಟಾ ಒಳ್ಳೇದು?" ತೋಟಾ ಅಂದರೆ ಮದ್ದು, ಗುಂಡು ತುಂಬಿದ ಕಾರ್ಟ್ರಿಜ್.

ಕೆಲವರು ದನಿ ತಗ್ಗಿಸಿ ಬೇರೆಯದನ್ನು ಕೇಳುತ್ತಾರೆ. ಕಡವೆಗೆ ಯಾವ ಗುಂಡು, ಕಾಡುಕುರಿಗೆ ಯಾವ ಚರೆ (ಸಣ್ಣ ಸೀಸದ ಗುಂಡು) ಅಂತ. ಅವರಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ, ಆ ಲೆಕ್ಕ ಚುಕ್ತಾ. ಕೋವಿಯ ಲೈಸೆನ್ಸಿಗೆ ನಮ್ಮ ಕೊಡವರಿಗೆ ವಿನಾಯಿತಿ ಇದೆ, ಬೇಟೆಗೆ ಯಾರಿಗೂ ಇಲ್ಲ. ದಯವಿಟ್ಟು ನನಗೆ ಆ ಫೋನು ಮಾಡಬೇಡಿ.

ಇನ್ನು ತೆಂಗಿನಕಾಯಿಯ ವಿಷಯ. ನಾನು ಹೇಳಬೇಕಾದ್ದು ಒಂದೇ ಮಾತು. ತೋಟಾ ಒಳಗೆ ಹೋಯಿತು ಎಂದ ಮಾತ್ರಕ್ಕೆ ಅದು ನಿಮ್ಮ ಕೋವಿಗೆ ಹೊಂದಿತು ಎಂದಲ್ಲ. ನಳಿಗೆಯ ಮೇಲಿನ ಅಂಕಿ ಓದಿ, ತೋಟಾದ ಮೇಲಿನ ಅಂಕಿ ಓದಿ, ಆಮೇಲೆ ತುಂಬಿ.

ಇದನ್ನು ನಾನು ಕಲಿತದ್ದು ಸೈನ್ಯದಲ್ಲಲ್ಲ, ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಅಂಗಳದಲ್ಲಿ. ದೊಡ್ಡಪ್ಪನ ಹತ್ತಿರ ಒಂದು ಜೋಡಿ ನಳಿಗೆ ಕೋವಿ ಇತ್ತು. ಬರ್ಮಿಂಗ್‌ಹ್ಯಾಮ್‌ನ 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಂಕಿ). ಊರು ಬಿಟ್ಟು ಹೊರಟ ಬಿಳಿಯ ದೊರೆಯೊಬ್ಬನಿಂದ ನಮ್ಮಜ್ಜ ಕೊಂಡದ್ದು. ನಾನು ಹುಟ್ಟಿದ ದಿನ ಅಂಗಳದಲ್ಲಿ ಒಂದು ಗುಂಡು ಹಾರಿಸಿದ್ದೂ ಅದರಿಂದಲೇ. ಮುಚ್ಚಿದರೆ ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ, ಟಕ್ ಅಂತ ಒಂದೇ ಸದ್ದು. ಒಂದು ವರ್ಷ ಹಬ್ಬಕ್ಕೆ ದೊಡ್ಡಪ್ಪನ ಮಗ, ನಮ್ಮಣ್ಣ, ಬೆಂಗಳೂರಿನಿಂದ ಹೊಸ ತೋಟಾ ತಂದ. ಪ್ಲಾಸ್ಟಿಕ್ ಕವಚ, ಥಳಥಳ ಹಿತ್ತಾಳೆ ಬುಡ. ತುಂಬಿದರೆ ಸಲೀಸಾಗಿ ಜಾರಿ ಕೂತಿತು. ಮೊದಲನೇ ಗುಂಡಿಗೇ ಕಾಯಿ ಚೂರು. ಅಂಗಳವೆಲ್ಲ ಕೇಕೆ. ಹೆಗಲಿಗೆ ಒದೆತ ಮಾತ್ರ ಜೋರು. "ಹೊಸ ತೋಟಾ, ಮದ್ದು ಖಡಕ್ಕಾಗಿದೆ" ಅಂದ ಅಣ್ಣ. ನಾವೆಲ್ಲ ಒಬ್ಬೊಬ್ಬರಾಗಿ ಹೊಡೆದೆವು. ಪೆಟ್ಟಿಗೆ ಖಾಲಿ.

ಸಂಜೆ ಕೋವಿ ಒರೆಸಲು ಕೂತ ದೊಡ್ಡಪ್ಪ ಅದನ್ನು ಮುಚ್ಚಿದರು. ಟಕ್ ಅನ್ನಲಿಲ್ಲ. ಲಡಲಡ ಅಂತು. ದೀಪಕ್ಕೆ ಹಿಡಿದರೆ ನಳಿಗೆಗೂ ಹಿಂದಿನ ಕಟ್ಟಿಗೂ ನಡುವೆ ಕೂದಲೆಳೆಯಷ್ಟು ಬೆಳಕು. ದೊಡ್ಡಪ್ಪ ಯಾರನ್ನೂ ಬಯ್ಯಲಿಲ್ಲ. ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಾಗುವವರೆಗೆ ಸುಮ್ಮನೆ ಕೂತಿದ್ದರು.

ಕಾರಣ ನನಗೆ ತಿಳಿದದ್ದು ಆರ್ಮರರ್ ತರಬೇತಿಯಲ್ಲಿ. ಆ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಚೇಂಬರ್ ಸಾಮಾನ್ಯವಾಗಿ ಎರಡೂವರೆ ಇಂಚು, ತೋಟಾದ ಲೆಕ್ಕದಲ್ಲಿ 65 ಮಿಲಿಮೀಟರ್ ಎಂದು ಕರೆಯುವುದು. ಅಣ್ಣ ತಂದ ತೋಟಾ 70. ಹಾಗಿದ್ದರೆ ಒಳಗೆ ಹೋದದ್ದು ಹೇಗೆ? ಪೆಟ್ಟಿಗೆಯ ಮೇಲೆ ಬರೆದಿರುವ 70 ಅನ್ನೋದು ಹೊಡೆದ ಮೇಲಿನ ಉದ್ದ, ಹೊಡೆಯುವ ಮೊದಲಿನದ್ದಲ್ಲ! ಹೊಸ ತೋಟಾದ ಬಾಯಿ ನಕ್ಷತ್ರದ ಹಾಗೆ ಒಳಕ್ಕೆ ಮಡಚಿರುತ್ತದೆ, ಆಗ ಅದು 60 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹೊಡೆದಾಗ ಆ ಮಡಿಕೆ ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ. ಚೇಂಬರ್ ಗಿಡ್ಡವಾಗಿದ್ದರೆ, ನಳಿಗೆ ಕಿರಿದಾಗುವ ಕುತ್ತಿಗೆಯೊಳಗೇ ಬಿಚ್ಚಿಕೊಳ್ಳುತ್ತದೆ. ಚರೆಗಳೆಲ್ಲ ಆ ಇಕ್ಕಟ್ಟಿನಲ್ಲಿ ನುಗ್ಗಬೇಕು. ಒತ್ತಡ ಏರುತ್ತದೆ, ಕೀಲು ಸಡಿಲುತ್ತದೆ. ನಳಿಗೆಯೇ ಸೀಳಿದರೆ ಎಡಗೈ ಹೋಯಿತು. ಅವತ್ತು ನಮ್ಮ ಮನೆಯ ಆರು ಎಡಗೈಗಳು ಉಳಿದದ್ದು ನಮ್ಮ ದೇವರು ಇಗ್ಗುತಪ್ಪನ ದಯೆ.

ಆದ್ದರಿಂದ ಮತ್ತೆ ಹೇಳುತ್ತೇನೆ. ಒಳಗೆ ಹೋಯಿತು ಎಂದರೆ ಹೊಂದಿತು ಎಂದಲ್ಲ. ಹಬ್ಬಕ್ಕೆ ಕೋವಿ ಒರೆಸುವಾಗ, ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಮುಂದಿನ ಮರದ ಹಿಡಿ ತೆಗೆದು ನಳಿಗೆ ಬೇರೆ ಮಾಡಿ. ಬುಡದ ಅಡಿಯಲ್ಲಿ ಮುದ್ರೆಗಳಿರುತ್ತವೆ. ಅಲ್ಲಿ ಎರಡೂವರೆ ಇಂಚೋ (65), ಎರಡು ಮುಕ್ಕಾಲು ಇಂಚೋ (70) ನೋಡಿ ಬರೆದಿಡಿ. ತೀರಾ ಹಳೆಯ ಕೋವಿಯಲ್ಲಿ ಉದ್ದ ಕೆತ್ತಿರುವುದಿಲ್ಲ. ಕೋವಿ ರಿಪೇರಿಯವರ ಹತ್ತಿರ ಅಳತೆ ಮಾಡಿಸಿ, ಅಲ್ಲಿಯವರೆಗೆ ಹೊಡೆಯಬೇಡಿ. ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕರಿಮದ್ದಿನ ಕಾಲದ್ದು. ಪೂಜೆ ಮಾಡಿ, ಅಷ್ಟೇ ಸಾಕು.

ಸಮಯ ಕಡಿಮೆ ಇದೆ ಎಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಬೇಗ ಹೇಳುತ್ತೇನೆ. ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು, ಹಾಗಾಗಿ 20 ಬೋರಿನ ತೋಟಾ 12 ಬೋರಿನೊಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿಗೆ ಹಳದಿ ಬಣ್ಣ ಕೊಟ್ಟಿರುವುದು ಅದಕ್ಕೇ. ಎರಡನ್ನೂ ಒಂದೇ ಜೇಬಿಗೆ ಹಾಕಬೇಡಿ.

ಪಾಯಿಂಟ್ 22 ರೈಫಲ್‌ನವರೂ ಕೇಳಿ. ಲಾಂಗ್ ರೈಫಲ್ ತೋಟಾ ಮ್ಯಾಗ್ನಂ ರೈಫಲ್‌ನೊಳಗೂ ಹೋಗುತ್ತದೆ, ಆದರೆ ಸಡಿಲ, ಕವಚ ಸೀಳುತ್ತದೆ. ಇಲ್ಲೂ ಅದೇ ಮಾತು. ಪಂದ್ಯಕ್ಕೆ ಅತಿವೇಗದ್ದು ಬೇಕಿಲ್ಲ. ಸಾಧಾರಣ ವೇಗದ 40 ಗ್ರೇನ್ ಗುಂಡು ತೆಂಗಿನಕಾಯಿಗೆ ಧಾರಾಳ. ಎರಡು ಮೂರು ಕಂಪನಿಯದನ್ನು ಕಾಗದಕ್ಕೆ ಐದೈದು ಹೊಡೆದು ನೋಡಿ, ಯಾವುದರ ತೂತುಗಳು ಒತ್ತೊತ್ತಾಗಿ ಬೀಳುತ್ತವೋ ಅದೇ ನಿಮ್ಮ ರೈಫಲ್‌ನ ತೋಟಾ. ಆ ಪುಟ್ಟ ಗುಂಡು ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. ಕಾಯಿಯನ್ನು ಮರದ ತುದಿಗೆ ಕಟ್ಟುವ ಪದ್ಧತಿ ಶುರುವಾದ ಕಾಲಕ್ಕೆ ಸುತ್ತ ಇಷ್ಟು ಮನೆ, ಹೋಂಸ್ಟೇ ಇರಲಿಲ್ಲ. ಈಗ ಮಣ್ಣಿನ ದಿಬ್ಬದ ಮುಂದೆಯೇ ಇಡಿ.

ದೊಡ್ಡಪ್ಪನ ಕೋವಿ ಈಗ ನನ್ನ ಮನೆಯಲ್ಲಿದೆ. ಕೀಲು ಸರಿಮಾಡಿಸಿದ್ದೇನೆ. ಕೋವಿಯ ಕುದುರೆಯ (ಟ್ರಿಗರ್) ಬಳಿ ದಾರದಲ್ಲಿ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿದ್ದೇನೆ, ಅದರ ಮೇಲೆ 65 ಎಂದು ಕೊರೆಸಿದ್ದೇನೆ. ನಮಸ್ಕಾರ.