ಏಳನೇ ನಂಬ್ರದ ಅಳಗೆ

ನಮಸ್ಕಾರ ಮಾರಾಯ್ರೆ. ಈಗ ಕಾಣ್ತಾ ಇರುವ ಹೊಗೆ ಬಚ್ಚಲು ಒಲೆದ್ದಲ್ಲ, ಇದು ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಸ್ವಲ್ಪ ಒಳಗೆ ಒಬ್ಬರ ಗದ್ದೆಯ ಮೂಲೆ, ಇಲ್ಲಿ ನಾವು ಹನ್ನೊಂದು ಜನ ಸೇರಿ ಎರಡು ಸಾವಿರ ವರ್ಷ ಹಿಂದಿನವರು ಮಡಕೆ ಹೇಗೆ ಸುಟ್ಟಿರಬಹುದು ಅಂತ ನಾವೇ ಸುಟ್ಟು ನೋಡ್ತಾ ಇದ್ದೇವೆ. ಪ್ರಾಯೋಗಿಕ ಪುರಾತತ್ವ ಅಂತ ಇದರ ಹೆಸರು. ನಾನು ವಾಲಂಟಿಯರ್, ಅಂದ್ರೆ ಸಂಬಳ ಇಲ್ಲದ ಆಳು. ಮನೆಯಲ್ಲಿ ಹೇಳಿದ್ದಕ್ಕೆ ಅಪ್ಪ, ಅಳಗೆ ಬೇಕಾದ್ರೆ ಪೇಟೆಯಲ್ಲಿ ಸಿಗ್ತದಲ್ಲ ಅಂದ್ರು.

ನಮಗೆ ಬೇಕಾದ್ದು ಪೇಟೆಯಲ್ಲಿ ಸಿಗುದಿಲ್ಲ. ನಮ್ಮ ಕಡೆ ಮುರಕಲ್ಲಿನ ಪಾರೆಯಲ್ಲಿ ಕೊರೆದ ಗುಹೆ ಸಮಾಧಿಗಳು ಉಂಟಲ್ಲ, ಕಬ್ಬಿಣಯುಗದ್ದು, ಆ ಕಾಲದ ಕಪ್ಪು-ಕೆಂಪು ಮಡಕೆ ಅದು. ಒಳಗೆ ಮತ್ತು ಬಾಯಿ ಹತ್ರ ಕಪ್ಪು, ಹೊರಗೆ ಕೆಳಗಡೆ ಕೆಂಪು. ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದಾಗಲೂ ಇದೇ ಜಾತಿ ಮಡಕೆ ಬಂದದ್ದು. ಬಣ್ಣ ಬಳಿದದ್ದಲ್ಲ, ಬೆಂಕಿಯದ್ದೇ ಕೆಲಸ. ಮಡಕೆಯನ್ನು ಕವುಚಿ ಹಾಕಿ ಬಾಯಿಯನ್ನು ಉಮಿಯಲ್ಲಿ ಹುಗಿದ್ರೆ ಒಳಗೆ ಗಾಳಿ ಹೋಗುದಿಲ್ಲ, ಹೊಗೆಯ ಇಂಗಾಲ ಮಣ್ಣಿಗೆ ಹಿಡಿತದೆ, ಹೊರಮೈಗೆ ಗಾಳಿ ತಾಗಿ ಮಣ್ಣಿನ ಕಬ್ಬಿಣ ಕೆಂಪಾಗ್ತದೆ. ಇದೊಂದು ವಾದ. ಇಲ್ಲ, ಮೊದಲು ಪೂರ್ತಿ ಕೆಂಪು, ಮತ್ತೆ ಕಪ್ಪು, ಹೀಗೆ ಎರಡು ಸಲ ಸುಟ್ಟದ್ದು ಅನ್ನುವವರೂ ಇದ್ದಾರೆ. ಎರಡೂ ಪಾರ್ಟಿ ನಮ್ಮ ಟೀಮಲ್ಲೇ ಇರುದ್ರಿಂದ ಚಾ ಹೊತ್ತಿಗೆ ಗಲಾಟೆಗೆ ಬರ ಇಲ್ಲ, ಅದೂ ಕನ್ನಡ, ತುಳು, ಮಲಯಾಳ ಒಟ್ಟಿಗೆ. ಮಡಕೆ ಸುಡುವ ಒಲೆಗೆ ನಾವು ಆವೆ ಅಂದ್ರೆ ಮಲಯಾಳದವರು ಚೂಳ ಅಂತಾರೆ.

ಮೊಣಕಾಲುದ್ದದ ಹೊಂಡ, ಅಡಿಗೆ ಉಮಿ, ಅದರ ಮೇಲೆ ಕವುಚಿದ 22 ಅಳಗೆ, ಮೇಲಿಂದ ಸೆಗಣಿ ಬೆರಣಿ, ಗೆರಟೆ, ಬೈಹುಲ್ಲು, ಕೊನೆಗೆ ಕೆಸರಿನ ಮೆತ್ತಿಗೆ, ಹೊಗೆ ಹೋಗಲಿಕ್ಕೆ ಅಲ್ಲಲ್ಲಿ ತೂತು. ಹತ್ತು ನಿಮಿಷಕ್ಕೊಮ್ಮೆ ಒಳಗಿನ ಬಿಸಿ ತೋರಿಸುವ ಮೀಟರ್ ನೋಡಿ ಬರೆಯುದು ನನ್ನ ಡ್ಯೂಟಿ. ಮೊದಲ ಮೂರು ಗಂಟೆ ಬೆಂಕಿ ಸಣ್ಣಕೆ, 120 ಡಿಗ್ರಿ ದಾಟಬಾರದು, ಆದ್ರೂ ಒಳಗಿಂದ ಟಪ್ ಅಂತ ಒಂದು, ಮತ್ತೆ ಒಂದು, ಹೀಗೆ ಐದು ಸಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರೆ, ಇಲ್ಲಿ ದೊಣ್ಣೆಯೂ ಬೇಡ, ಸರಿ ಆರದೆ ಉಳಿದ ಒಂದು ತೊಟ್ಟು ನೀರು ಸಾಕು, ಆವಿ ಆದಾಗ ಅದು 1600 ಪಟ್ಟು ಉಬ್ಬುತ್ತದೆ. ಕರಾವಳಿಯ ಈ ಸೆಕೆಗೆ ಮಣ್ಣು ಪೂರ್ತಿ ಆರುದೆಂದ್ರೆ ಎಂತ ಮಾಡುದು ಹೇಳಿ. ಆಮೇಲೆ 573 ಡಿಗ್ರಿ, ಮಣ್ಣಿಗೆ ಬೆರೆಸಿದ ಮರಳಿನ ಕಣಗಳು ಸಡನ್ನಾಗಿ ಹಿಗ್ಗುವ ಹೊತ್ತು, ಆಗ ಯಾರೂ ಮಾತಾಡುದಿಲ್ಲ. ದಾಟಿತು. 760ರ ತನಕ ಹೋಯ್ತು.

ನಾಲ್ಕು ಗಂಟೆಗೆ ಎಲ್ಲ ತೂತು ಮುಚ್ಚಿದೆವು. ಬೆಳಗ್ಗಿನವರೆಗೆ ಮುಟ್ಟಬಾರದು ಅಂತ ರೂಲ್.

ಆರೂಕಾಲಕ್ಕೆ ಉಳಿದವರೆಲ್ಲ ಕೈಕಾಲು ತೊಳಿಲಿಕ್ಕೆ ಹೋಗಿದ್ರು, ಲೈಟ್ ಅಂದ್ರೆ ಅಂಥಾ ಲೈಟ್, ನನಗೆ ತಡಿಲಿಕ್ಕಾಗ್ಲಿಲ್ಲ. ಒಂದು ಬದಿಯ ಮೆತ್ತಿಗೆ ಕೋಲಲ್ಲಿ ಕೆದಕಿ ಕ್ಯಾಮರಾ ಇಟ್ಟೆ, ಒಳಗೆ ಮಂದ ಕೆಂಪಲ್ಲಿ ಅಳಗೆ ಹೊಳಿತಾ ಇತ್ತು, ಹತ್ತು ಹದಿನೈದು ನಿಮಿಷ ಶೂಟ್ ಮಾಡಿ ಪುನಃ ಮುಚ್ಚಿದೆ. ಮೀಟರ್ ಆಗ 610 ತೋರಿಸ್ತಿತ್ತು, ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ, ಅಷ್ಟು ದಡ್ಡ.

ಬೆಳಗ್ಗೆ ತೆಗೆದ್ರೆ ಹದಿನಾರು ಅಳಗೆಯ ಒಳಗೆ ಕಪ್ಪು, ಕೆಲವು ಚೆಂದ, ಕೆಲವು ಬೂದಿ ಬಣ್ಣ. ಆ ತೂತಿನ ಎದುರಿದ್ದ ಏಳನೇ ನಂಬ್ರದ್ದು ಮಾತ್ರ ಒಳಗೂ ಹೊರಗೂ ಕೆಂಪು. ಬಿಸಿ ಇರುವಾಗಲೇ ಗಾಳಿ ಹೊಕ್ಕು ಹಿಡಿದ ಇಂಗಾಲ ಎಲ್ಲ ಉರಿದು ಹೋಗಿತ್ತು, ಸುತ್ತಲಿನ ಉಮಿ ಬೆಳ್ಳಗೆ ಬೂದಿ. ನಾನೇ ಒಪ್ಪಿಕೊಂಡೆ. ಯಾರೂ ಬೈಲಿಲ್ಲ, ಎರಡು ಸಲ ಸುಡುವ ಪಾರ್ಟಿಯವರಿಗಂತೂ ಖುಷಿ, ಅಳಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ರು. ಪುಸ್ತಕದಲ್ಲಿ ಆ ಸಾಲು ಹೀಗುಂಟು: ನಂಬ್ರ 7, ಒಳಗೂ ಕೆಂಪು, ಕಾರಣ: ವ್ಲಾಗ್.

ಆ ಶಾಟ್ ಇದೇ ನೋಡಿ. ಫೋಕಸ್ ಕೂಡ ಸರಿ ಇಲ್ಲ.