ದಾರಿಯಲ್ಲಿರುವ ಆಟ: ಸ್ಕೈರಿಮ್‌ನ ಗುಣದೋಷಗಳು

ಆತ್ಮೀಯ ಕೇಳುಗರೇ, ನಮಸ್ಕಾರ.

ಮುಕ್ತ ಪ್ರಪಂಚದ, ಅಂದರೆ ಆಟಗಾರ ತನಗಿಷ್ಟ ಬಂದ ಕಡೆ ಅಲೆಯಬಹುದಾದ ವಿಡಿಯೋ ಗೇಮ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಆ ಆಟದ ಪ್ರಪಂಚ ಎಷ್ಟು ದೊಡ್ಡದು? ಇಷ್ಟು ಚದರ ಕಿಲೋಮೀಟರ್, ಇಷ್ಟು ಊರು, ಇಷ್ಟು ಗಂಟೆಗಳ ಆಟ ಎಂಬ ಲೆಕ್ಕವನ್ನು ಜಾಹೀರಾತುಗಳು ನಮ್ಮ ತಲೆಗೆ ತುಂಬಿಬಿಟ್ಟಿವೆ. ಈ ಲೆಕ್ಕದಿಂದ ಆಟದ ಬಗ್ಗೆ ಏನೂ ತಿಳಿಯುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. 1996ರಲ್ಲಿ ಬಂದ ಡ್ಯಾಗರ್‌ಫಾಲ್ ಎಂಬ ಆಟದಲ್ಲಿ ಸಾವಿರಾರು ಊರುಗಳಿದ್ದವು. ಅವುಗಳಲ್ಲಿ ಬಹುಪಾಲನ್ನು ಕಂಪ್ಯೂಟರೇ ಸೂತ್ರಗಳ ಪ್ರಕಾರ ಜೋಡಿಸಿದ್ದರಿಂದ, ಹತ್ತು ಊರು ನೋಡಿದವರಿಗೆ ಹನ್ನೊಂದನೆಯದನ್ನು ನೋಡುವ ಆಸೆಯೇ ಹುಟ್ಟುತ್ತಿರಲಿಲ್ಲ. ಅದೇ ಎಲ್ಡರ್ ಸ್ಕ್ರೋಲ್ಸ್ ಸರಣಿಯಲ್ಲಿ, 2011ರ ನವೆಂಬರ್ 11ರಂದು ಬೆಥೆಸ್ಡಾ ಸಂಸ್ಥೆ ಹೊರತಂದ ಸ್ಕೈರಿಮ್, ವಿಸ್ತಾರದಲ್ಲಿ ಡ್ಯಾಗರ್‌ಫಾಲ್‌ನ ಒಂದು ಮೂಲೆಗೂ ಸಾಲದು. ಆದರೂ ಜನ ಅದನ್ನು ಇಂದಿಗೂ ಆಡುತ್ತಿದ್ದಾರೆ. ಅದರ ಆರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯೆಂದು ಆಟದ ನಿರ್ದೇಶಕ ಟಾಡ್ ಹೋವರ್ಡ್ 2023ರಲ್ಲಿ ತಿಳಿಸಿದರು. ಆದ್ದರಿಂದ ದಯವಿಟ್ಟು ಚದರ ಕಿಲೋಮೀಟರಿನ ಮಾತನ್ನು ಇಲ್ಲಿಗೆ ಬಿಡೋಣ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಅದನ್ನೇ ಮತ್ತೆ ಮತ್ತೆ ಹೇಳಿದರೆ ಬೇಸರಪಟ್ಟುಕೊಳ್ಳಬೇಡಿ. ಸ್ಕೈರಿಮ್‌ನ ಜೀವವಿರುವುದು ದಾರಿಯಲ್ಲಿ, ತಲುಪಬೇಕಾದ ಜಾಗದಲ್ಲಲ್ಲ. ನಮ್ಮನ್ನು ನಮ್ಮ ಪಾಡಿಗೆ ನಡೆಯಲು ಬಿಟ್ಟ ಕಡೆಯಲ್ಲೆಲ್ಲ ಈ ಆಟ ಗೆದ್ದಿದೆ, ಬೇಗ ತಲುಪಿಸಲು ಅವಸರಪಟ್ಟ ಕಡೆಯಲ್ಲೆಲ್ಲ ಸೋತಿದೆ.

ಈ ಆಟವನ್ನು ಕಣ್ಣಾರೆ ಕಾಣದ ಕೇಳುಗರಿಗಾಗಿ ಎರಡು ಮಾತಿನ ಪರಿಚಯ ಮಾಡಿಕೊಡುತ್ತೇನೆ. ಸ್ಕೈರಿಮ್ ಎಂಬುದು ಟ್ಯಾಮ್ರಿಯೆಲ್ ಎಂಬ ಕಲ್ಪಿತ ಖಂಡದ ಉತ್ತರ ತುದಿಯಲ್ಲಿರುವ, ಹಿಮ ಕವಿದ ಬೆಟ್ಟಗಳ ನಾಡು. ಅಲ್ಲಿ ಸಾಮ್ರಾಜ್ಯದ ಸೈನ್ಯಕ್ಕೂ ಸ್ಟಾರ್ಮ್‌ಕ್ಲೋಕ್ ಎಂಬ ಬಂಡುಕೋರರಿಗೂ ಯುದ್ಧ ನಡೆದಿರುವಾಗಲೇ, ಎಂದೋ ಮರೆಯಾಗಿದ್ದ ಡ್ರ್ಯಾಗನ್‌ಗಳು ಮರಳಿ ಬರುತ್ತವೆ. ನೀವು ಕೈಕಟ್ಟಿಸಿಕೊಂಡ ಕೈದಿಯಾಗಿ, ಗಾಡಿಯೊಂದರಲ್ಲಿ ವಧಾಸ್ಥಾನಕ್ಕೆ ಹೊರಟಿರುತ್ತೀರಿ. ಕೊಡಲಿ ಇನ್ನೇನು ಕುತ್ತಿಗೆಯ ಮೇಲೆ ಬೀಳಬೇಕು ಎನ್ನುವಾಗ ಡ್ರ್ಯಾಗನ್ ಬಂದೆರಗುತ್ತದೆ. ಆ ಗಲಿಬಿಲಿಯಲ್ಲಿ ನೀವು ಸುರಂಗದ ಮೂಲಕ ತಪ್ಪಿಸಿಕೊಂಡು ಬೆಟ್ಟದ ಮಗ್ಗುಲಿಗೆ ಹೊರಬರುತ್ತೀರಿ. ಅಲ್ಲಿಂದ ಮುಂದೆ ಯಾವ ದಿಕ್ಕಿಗಾದರೂ ಹೋಗಬಹುದು. ಮುಖ್ಯ ಕಥೆಯನ್ನು ಮುಟ್ಟದೆ ತಿಂಗಳುಗಟ್ಟಲೆ ಅಲೆದರೂ ಯಾರೂ ಕೇಳುವುದಿಲ್ಲ.

ಪಾತ್ರ ಬೆಳೆಯುವ ಬಗೆಯೂ ಈ ಅಲೆದಾಟಕ್ಕೆ ಹೊಂದಿಕೊಂಡಿದೆ. ನಾನು ಯೋಧ, ನಾನು ಮಾಂತ್ರಿಕ ಎಂದು ಮೊದಲೇ ಬರೆದುಕೊಡಬೇಕಾಗಿಲ್ಲ. ಬಿಲ್ಲು ಹಿಡಿದರೆ ಬಿಲ್ವಿದ್ಯೆ ಬೆಳೆಯುತ್ತದೆ, ಬೀಗ ಒಡೆದರೆ ಬೀಗ ಒಡೆಯುವ ಕೈಚಳಕ ಬೆಳೆಯುತ್ತದೆ, ಏಟು ತಿಂದರೆ ಕವಚ ತೊಟ್ಟು ಏಟು ತಡೆಯುವ ಶಕ್ತಿ ಬೆಳೆಯುತ್ತದೆ. ಹೀಗೆ ಒಟ್ಟು 18 ಕೌಶಲಗಳಿವೆ. ನೀವು ದಾರಿಯಲ್ಲಿ ಏನು ಮಾಡಿದಿರೋ ಅದೇ ಆಗುತ್ತೀರಿ.

ಇನ್ನು ದಾರಿಗಳ ವಿಷಯಕ್ಕೆ ಬರೋಣ. ಸುರಂಗದಿಂದ ಹೊರಬಂದು ರಿವರ್‌ವುಡ್ ಎಂಬ ಹಳ್ಳಿಯ ಕಡೆಗೆ ಇಳಿಯುವಾಗ, ಎದುರಿನ ಬೆಟ್ಟದ ನೆತ್ತಿಯಲ್ಲಿ ಕಲ್ಲಿನ ಕಮಾನುಗಳು ಕಾಣುತ್ತವೆ. ಅದು ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಹಳೆಯ ಸಮಾಧಿ. ಅಲ್ಲಿಗೆ ಹೋಗಬೇಕೆಂದು ಇನ್ನೂ ಯಾರೂ ಹೇಳಿರುವುದಿಲ್ಲ, ಆದರೆ ಕಣ್ಣು ಆಗಲೇ ಅಲ್ಲಿಗೆ ಹೋಗಿರುತ್ತದೆ. ಆ ಸಮಾಧಿಯ ಒಳಗೆ ಕಲ್ಲಿನ ಬಾಗಿಲೊಂದಿದೆ. ಅದರ ಮೂರು ಉಂಗುರಗಳನ್ನು ತಿರುಗಿಸಿ ಸರಿಯಾದ ಪ್ರಾಣಿಗಳ ಚಿತ್ರಗಳನ್ನು ಸಾಲಾಗಿ ನಿಲ್ಲಿಸಬೇಕು. ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಚೀಲದಲ್ಲಿರುವ ಬಂಗಾರದ ಪಂಜವನ್ನು ತೆಗೆದು, ಕೈಯಲ್ಲಿ ತಿರುಗಿಸಿ ಅಂಗೈ ಭಾಗವನ್ನು ನೋಡಿದರೆ, ಕರಡಿ, ಪತಂಗ, ಗೂಬೆ ಎಂದು ಮೂರು ಚಿತ್ರಗಳನ್ನು ಕೆತ್ತಿರುವುದು ಕಾಣುತ್ತದೆ. ನೋಡಿದವನಿಗೆ ಬಾಗಿಲು ತೆರೆಯುತ್ತದೆ. ಆಟ ಕಟ್ಟುವವರೆಲ್ಲ ಕಲಿಯಬೇಕಾದ ಪಾಠ ಇದು.

ಹೈ ಹ್ರೋತ್‌ಗಾರ್ ಎಂಬ ಮಠಕ್ಕೆ ಏರುವ ಏಳು ಸಾವಿರ ಮೆಟ್ಟಿಲುಗಳ ದಾರಿಯೂ ಹಾಗೆಯೇ ಇದೆ. ಮೆಟ್ಟಿಲುಗಳು ನಿಜಕ್ಕೂ ಅಷ್ಟಿಲ್ಲ, ಎಣಿಸಲು ಹೋಗಬೇಡಿ. ಆ ದಾರಿಯುದ್ದಕ್ಕೂ ಹತ್ತು ಶಿಲಾಫಲಕಗಳಿವೆ. ಹತ್ತನ್ನೂ ನಿಂತು ಓದಿದವರಿಗೆ ಒಂದು ದಿನದ ಮಟ್ಟಿಗೆ ಒಂದು ವರ ಸಿಗುತ್ತದೆ: ಕಾಡಿನ ಪ್ರಾಣಿಗಳು ಅವರ ಮೇಲೆ ಎರಗುವುದಿಲ್ಲ, ಅವರನ್ನು ಕಂಡು ಓಡುವುದೂ ಇಲ್ಲ. ಮಠವನ್ನು ಮುಟ್ಟುವ ಆತುರದಲ್ಲಿ ಓಡಿದವರಿಗೆ ಇಂಥದ್ದೊಂದು ಇದೆಯೆಂಬುದೇ ಗೊತ್ತಾಗುವುದಿಲ್ಲ.

ಪ್ರಾಣಿಗಳ ಮಾತು ಬಂದದ್ದರಿಂದ ನರಿಯ ಪ್ರಸಂಗವನ್ನು ಹೇಳಲೇಬೇಕು. ಇದು ನನಗೆ ಅತ್ಯಂತ ಪ್ರಿಯವಾದ ಪ್ರಸಂಗ, ಸ್ವಲ್ಪ ದೀರ್ಘವಾದರೂ ಕೇಳಿ. ಸ್ಕೈರಿಮ್‌ನ ಕಾಡುಗಳಲ್ಲಿ ನರಿಗಳು ಓಡಾಡುತ್ತಿರುತ್ತವೆ. ಅವು ಕಚ್ಚುವುದಿಲ್ಲ, ಮಾತನಾಡುವುದಿಲ್ಲ, ಕಥೆಗೂ ಅವುಗಳಿಗೂ ಸಂಬಂಧವಿಲ್ಲ. ನಿಮ್ಮನ್ನು ಕಂಡರೆ ಓಡಿಹೋಗುತ್ತವೆ, ಅಷ್ಟೆ. ಆದರೆ ಆಟ ಬಿಡುಗಡೆಯಾದ ಮೇಲೆ ಆಟಗಾರರ ನಡುವೆ ಒಂದು ಮಾತು ಹಬ್ಬಿತು. ನರಿಯ ಬೆನ್ನು ಹತ್ತಿ ಹೋದರೆ ಅದು ನಿಧಿಯಿರುವ ಜಾಗಕ್ಕೆ ಕರೆದೊಯ್ಯುತ್ತದೆ ಎಂಬುದೇ ಆ ಮಾತು. ಕೆಲವರು ನಕ್ಕರು, ಕೆಲವರು ಬೆನ್ನು ಹತ್ತಿದರು. ಹತ್ತಿದವರಿಗೆ ಹಾಳುಬಿದ್ದ ಕೋಟೆಯೋ, ದರೋಡೆಕೋರರ ಬಿಡಾರವೋ, ಗುಹೆಯ ಬಾಯೋ ನಿಜವಾಗಿಯೂ ಸಿಗುತ್ತಿತ್ತು. ಇದನ್ನು ಯಾರು ಬರೆದು ಸೇರಿಸಿದರು ಎಂದು ಆಟವನ್ನು ಕಟ್ಟಿದವರೇ ಕುತೂಹಲಗೊಂಡರು, ಏಕೆಂದರೆ ಅವರಲ್ಲಿ ಯಾರೂ ಅದನ್ನು ಬರೆದಿರಲಿಲ್ಲ.

ರಹಸ್ಯವನ್ನು ಬಿಡಿಸಿ ಹೇಳಿದವರು ಆ ಆಟದ ವಿನ್ಯಾಸದಲ್ಲಿ ದುಡಿದಿದ್ದ ಜೋಯಲ್ ಬರ್ಜೆಸ್. ಅವರು 2021ರಲ್ಲಿ ಅದನ್ನು ಸಾರ್ವಜನಿಕವಾಗಿ ವಿವರಿಸಿದರು. ಆಟದೊಳಗಿನ ಪ್ರಾಣಿಗಳೂ ಮನುಷ್ಯರೂ ನಡೆದಾಡಲು, ನೆಲದ ಮೇಲೆ ನಮ್ಮ ಕಣ್ಣಿಗೆ ಕಾಣದ ಒಂದು ಬಲೆಯನ್ನು ಹಾಸಿರುತ್ತಾರೆ. ಕಟ್ಟುವವರು ಅದನ್ನು ನಾವ್‌ಮೆಶ್ ಎನ್ನುತ್ತಾರೆ. ಆ ಬಲೆ ತ್ರಿಕೋನಗಳಿಂದ ಹೆಣೆದದ್ದು. ಬರಿದಾದ ಬಯಲಿನಲ್ಲಿ ಕೆಲವೇ ದೊಡ್ಡ ತ್ರಿಕೋನಗಳು ಸಾಕು. ಆದರೆ ಗೋಡೆ, ಮೆಟ್ಟಿಲು, ಪೆಟ್ಟಿಗೆ, ಗುಡಾರಗಳು ಇಕ್ಕಟ್ಟಾಗಿರುವ ಜಾಗದಲ್ಲಿ ಅವುಗಳ ಸಂದುಗೊಂದುಗಳಲ್ಲೆಲ್ಲ ಸಣ್ಣ ಸಣ್ಣ ತ್ರಿಕೋನಗಳನ್ನು ಒತ್ತೊತ್ತಾಗಿ ಹೆಣೆಯಬೇಕಾಗುತ್ತದೆ. ನರಿಯ ಬುದ್ಧಿಯೋ ತೀರಾ ಸರಳವಾದದ್ದು: ಆಟಗಾರನಿಂದ ದೂರ ಓಡು. ಆ ದೂರವನ್ನು ಅದು ಮೀಟರಿನಲ್ಲಿ ಅಳೆಯುವುದಿಲ್ಲ, ದಾಟಿದ ತ್ರಿಕೋನಗಳ ಲೆಕ್ಕದಲ್ಲಿ ಅಳೆಯುತ್ತದೆ. ಸಹಜವಾಗಿಯೇ ಹೆಚ್ಚು ತ್ರಿಕೋನಗಳು ಎಲ್ಲಿವೆಯೋ ಆ ಕಡೆಗೆ ಓಡುತ್ತದೆ. ಅಲ್ಲಿ ಬಿಡಾರವಿರುತ್ತದೆ; ಬಿಡಾರವಿದ್ದಲ್ಲಿ ಪೆಟ್ಟಿಗೆಯಿರುತ್ತದೆ, ಪೆಟ್ಟಿಗೆಯಲ್ಲಿ ನಿಧಿಯಿರುತ್ತದೆ. ನರಿಗೆ ನಿಧಿಯ ಸುದ್ದಿಯೇ ಗೊತ್ತಿಲ್ಲ!

ನನಗೆ ಈ ಪ್ರಸಂಗ ಏಕೆ ಇಷ್ಟವೆಂದರೆ, ಅದು ಆಟದ ದೊಡ್ಡ ಗುಣವನ್ನು ತೋರಿಸುತ್ತದೆ. ನೆಲದ ಮೇಲೆ ಎಷ್ಟೊಂದು ಜಾಗಗಳನ್ನು ಕೈಯಾರೆ ಕಟ್ಟಿ, ಎಷ್ಟು ಹತ್ತಿರ ಹತ್ತಿರ ಇಟ್ಟಿದ್ದಾರೆಂದರೆ, ಹೆದರಿ ಓಡುವ ನರಿಯೂ ಯಾವುದಾದರೊಂದನ್ನು ಎಡವದೆ ಇರುವುದಿಲ್ಲ. ಇಷ್ಟನ್ನು ಕಂಡುಕೊಳ್ಳಲು ಆಟಗಾರ ಮಾಡಬೇಕಾದ ಕೆಲಸ ಒಂದೇ, ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ನರಿಯ ಹಿಂದೆ ನಡೆಯುವುದು. ಆಟದ ಜೀವ ದಾರಿಯಲ್ಲಿದೆ ಎಂದು ನಾನು ಹೇಳುತ್ತಿರುವುದು ಇದನ್ನೇ.

ಈಗ ದೋಷಕ್ಕೆ ಬರುತ್ತೇನೆ, ಸಮಯ ಓಡುತ್ತಿದೆ. ನನ್ನ ಮೊದಲ ತಕರಾರು ಪರದೆಯ ಮೇಲಿನ ಬಾಣದ ಗುರುತಿನ ಬಗ್ಗೆ. ಒಂದು ಕೆಲಸವನ್ನು, ಅಂದರೆ ಕ್ವೆಸ್ಟನ್ನು ಒಪ್ಪಿಕೊಂಡ ಕ್ಷಣದಿಂದ, ದಿಕ್ಸೂಚಿಯ ಪಟ್ಟಿಯ ಮೇಲೆ ಒಂದು ಬಾಣ ಮೂಡಿ ಇಲ್ಲಿಗೆ ಹೋಗು, ಇವನನ್ನು ನೋಡು, ಈ ಪೆಟ್ಟಿಗೆಯನ್ನು ತೆರೆ ಎಂದು ತೋರಿಸುತ್ತಲೇ ಇರುತ್ತದೆ. ಇಷ್ಟು ಚೆಂದದ ಬೆಟ್ಟ, ನದಿ, ಕಮಾನುಗಳನ್ನು ಕಟ್ಟಿದವರೇ, ಅದನ್ನು ನೋಡದೆ ಬಾಣವನ್ನು ಮಾತ್ರ ನೋಡುತ್ತ ಓಡುವುದನ್ನು ಕಲಿಸುತ್ತಾರೆ. ನೆಂಟರನ್ನು ಊಟಕ್ಕೆ ಕರೆದು, ಎಲೆಯ ಮುಂದೆ ಗಡಿಯಾರ ಇಟ್ಟ ಹಾಗಾಯಿತು.

ಬೇಡವಾದರೆ ಬಾಣವನ್ನು ಆರಿಸಿಬಿಡಿ ಎಂದು ಆಟದ ಅಭಿಮಾನಿಗಳು ವಾದಿಸುತ್ತಾರೆ. ಆರಿಸಬಹುದು, ನಿಜ. ಆದರೆ ಆಮೇಲೆ ದಾರಿ ಹುಡುಕುವುದು ಹೇಗೆ? ಕೆಲಸ ಒಪ್ಪಿಸಿದ ಪಾತ್ರ ಬಹಳಷ್ಟು ಸಲ ದಾರಿಯನ್ನೇ ಹೇಳಿರುವುದಿಲ್ಲ. ಗುಹೆಯ ಹೆಸರು ಹೇಳಿ ಸುಮ್ಮನಾಗಿರುತ್ತದೆ. ಬಾಣ ಇದ್ದೇ ಇರುತ್ತದೆಂದು ನಂಬಿ ಸಂಭಾಷಣೆ ಬರೆದಿದ್ದಾರೆ. ಇದೇ ಸರಣಿಯಲ್ಲಿ 2002ರಲ್ಲಿ ಬಂದ ಮಾರೋವಿಂಡ್ ಆಟದಲ್ಲಿ ಹೀಗಿರಲಿಲ್ಲ. ಆರಂಭದಲ್ಲಿಯೇ ನಿಮ್ಮ ಕೈಗೆ ಒಂದು ಕಾಗದದ ಕಟ್ಟನ್ನು ಕೊಟ್ಟು, ಬಾಲ್ಮೋರಾ ಎಂಬ ಊರಿಗೆ ಹೋಗಿ ಕೈಯಸ್ ಕೊಸಾಡೆಸ್ ಎಂಬುವನಿಗೆ ತಲುಪಿಸು ಎನ್ನುತ್ತಾರೆ. ಅವನ ಮನೆ ಯಾವುದು ಎಂಬುದನ್ನು ಆ ಊರಿನ ಹೆಂಡದಂಗಡಿಯಲ್ಲಿ ವಿಚಾರಿಸಿಯೇ ತಿಳಿಯಬೇಕು. ಸೇತುವೆ ದಾಟಿ ಎಡಕ್ಕೆ ತಿರುಗು, ಬಂಡೆ ಸಿಕ್ಕಿದ ಮೇಲೆ ಉತ್ತರಕ್ಕೆ ಹೋಗು ಎಂಬಂಥ ಮಾತುಗಳನ್ನು ನೆನಪಿಟ್ಟುಕೊಂಡು ನಡೆದ ದಾರಿಯನ್ನು ಆ ಆಟಗಾರರು ಇಂದಿಗೂ ಮರೆತಿಲ್ಲ. 2022ರಲ್ಲಿ ಬಂದ ಎಲ್ಡನ್ ರಿಂಗ್ ಎಂಬ ಬೇರೊಂದು ಆಟ ಕೂಡ ಕೆಲಸಗಳ ಪಟ್ಟಿಯನ್ನೇ ಕೊಡದೆ ಕೋಟ್ಯಂತರ ಜನರನ್ನು ಸೆಳೆಯಿತು. ಜನರಿಗೆ ಬಾಣ ಬೇಕೇ ಬೇಕು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಎರಡನೆಯ ತಕರಾರು, ಈ ಪ್ರಪಂಚಕ್ಕೆ ನೆನಪಿನ ಶಕ್ತಿ ಕಡಿಮೆ. ವಿಂಟರ್‌ಹೋಲ್ಡ್‌ನ ವಿದ್ಯಾಪೀಠವನ್ನು ಸೇರಿ, ಬೆರಳೆಣಿಕೆಯಷ್ಟು ಮಂತ್ರಗಳನ್ನು ಮಾತ್ರ ಬಲ್ಲವನು, ಬಹುಮಟ್ಟಿಗೆ ಕತ್ತಿ ಬೀಸಿಕೊಂಡೇ ಅದರ ಮುಖ್ಯಸ್ಥನಾಗಿಬಿಡಬಹುದು. ಯೋಧರ ಸಂಘದ ನಾಯಕನಾದ ಮೇಲೂ, ಬೀದಿಯ ಕಾವಲುಗಾರ ನಿಮ್ಮನ್ನು ಹೊಸದಾಗಿ ಸೇರಿದ ಹುಡುಗನೆಂದು ತಿಳಿದು ಗೇಲಿ ಮಾಡುತ್ತಾನೆ. ಯುದ್ಧದಲ್ಲಿ ಯಾವ ಪಕ್ಷ ಗೆದ್ದರೂ ಬಾವುಟ, ಸಮವಸ್ತ್ರ, ಅಧಿಕಾರದಲ್ಲಿರುವ ಕೆಲವರು ಬದಲಾಗುತ್ತಾರೆಯೇ ಹೊರತು ಜನರ ಬಾಳು ಬದಲಾಗುವುದಿಲ್ಲ. ಇದೂ ಅದೇ ರೋಗ: ಪದವಿಗೆ ಬೇಗ ಮುಟ್ಟಿಸುವ ಆತುರದಲ್ಲಿ, ಪದವಿಗೆ ಏರುವ ದಾರಿಯನ್ನೇ ಕಟ್ಟಲಿಲ್ಲ. ಮುಗಿಯದೆ ಹುಟ್ಟುತ್ತಲೇ ಇರುವ ರೇಡಿಯಂಟ್ ಕೆಲಸಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಆ ಗುಹೆಗೆ ಹೋಗಿ ಇವನನ್ನು ಕೊಂದು ಬಾ ಎಂಬ ಒಂದೇ ಮಾತನ್ನು ಹೆಸರು ಬದಲಿಸಿ ಹೇಳುವುದಕ್ಕೆ ಕಥೆ ಎಂದು ಕರೆಯಲಾಗದು.

ಕತ್ತಿ ಕಾಳಗದಲ್ಲಿ ಏಟಿಗೆ ತೂಕವೇ ಇಲ್ಲ. ಗಾಳಿಯನ್ನು ಕಡಿದಂತೆ ಭಾಸವಾಗುತ್ತದೆ. ಜೆರೆಮಿ ಸೋಲ್ ಅವರ ಸಂಗೀತದ ಬಗ್ಗೆ ಒಂದು ಪೂರ್ತಿ ಭಾಷಣವನ್ನೇ ಮಾಡಬಹುದು. ರಾತ್ರಿ ಬಯಲಿನಲ್ಲಿ ನಡೆಯುವಾಗ ಅದು ಮೆಲ್ಲನೆ ತೇಲಿ ಬರುವುದನ್ನು ಕೇಳಬೇಕೆಂದರೂ ನಡೆಯಲೇಬೇಕು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಇನ್ನುಳಿದದ್ದು ಬಗ್‌ಗಳ, ಅಂದರೆ ಆಟದೊಳಗಿನ ತಾಂತ್ರಿಕ ತಪ್ಪುಗಳ ವಿಷಯ. ಆಟ ಬಂದ ಹೊಸತರಲ್ಲಿ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದಲ್ಲಿ ಆಡುತ್ತಿದ್ದವರಿಗೆ, ಆಡಿದಷ್ಟನ್ನು ಉಳಿಸಿಡುವ ಸೇವ್ ಫೈಲ್ ದೊಡ್ಡದಾದಂತೆಲ್ಲ ಆಟ ತೆವಳುತ್ತಿತ್ತು. ದೋಷ ಸರಿಪಡಿಸಲೆಂದು ಬಂದ 1.2ನೆಯ ಪ್ಯಾಚ್ ಹಾಕಿಕೊಂಡ ಮೇಲೆ ಡ್ರ್ಯಾಗನ್‌ಗಳು ಹಿಮ್ಮುಖವಾಗಿ ಹಾರತೊಡಗಿದವು. ಉಳಿದುಹೋದ ನೂರಾರು ತಪ್ಪುಗಳನ್ನು ಅಭಿಮಾನಿಗಳೇ ಸಂಬಳವಿಲ್ಲದೆ ಕುಳಿತು ತಿದ್ದಿದ್ದಾರೆ; ಮಾಡ್ ಎಂದು ಕರೆಯುವ ಅವರ ಸೇರ್ಪಡೆಗಳು ಇಲ್ಲದಿದ್ದರೆ ಈ ಆಟ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಮಾರೋವಿಂಡ್‌ನಂತೆ ಪಾತ್ರಗಳ ಬಾಯಿಂದ ದಾರಿ ಹೇಳಿಸುವ ಸೇರ್ಪಡೆಗಳನ್ನೂ ಅವರು ಮಾಡಿದ್ದಾರೆ. ಕಂಪನಿ ಮಾಡಬೇಕಾಗಿದ್ದ ಕೆಲಸವದು.

ಹೊಸದಾಗಿ ಆಡಲು ಹೊರಟವರು 2016ರಲ್ಲಿ ಬಂದ ವಿಶೇಷ ಆವೃತ್ತಿಯನ್ನು ಅಥವಾ ಅದರ ನಂತರದ್ದನ್ನು ತೆಗೆದುಕೊಳ್ಳಿ. ಹಳೆಯದಕ್ಕಿಂತ ಅದು ಗಟ್ಟಿಯಾಗಿದೆ. ಒಂದೇ ಸೇವ್ ಅನ್ನು ನಂಬಿ ಕೂರಬೇಡಿ, ಬೇರೆ ಬೇರೆಯಾಗಿ ನಾಲ್ಕಾರನ್ನು ಇಟ್ಟುಕೊಳ್ಳಿ. ಸುರಂಗದಿಂದ ಹೊರಬಂದ ಕೂಡಲೇ ಕೆಲಸಗಳ ಪಟ್ಟಿಯಿರುವ ಜರ್ನಲ್ ತೆರೆದು, ಗುರುತು ಹಾಕಿರುವ ಕೆಲಸದ ಹೆಸರನ್ನು ಮತ್ತೊಮ್ಮೆ ಒತ್ತಿ, ಬಾಣ ಮಾಯವಾಗುತ್ತದೆ. ಆಮೇಲೆ ರಸ್ತೆಯನ್ನೇ ಹಿಡಿದು ಹೋಗುವುದೋ, ನದಿಯ ಪಕ್ಕದಲ್ಲಿ ಇಳಿಯುವುದೋ, ನರಿ ಕಂಡರೆ ಅದರ ಹಿಂದೆ ಹೋಗುವುದೋ, ಅದು ನಿಮಗೆ ಬಿಟ್ಟದ್ದು. ನಮಸ್ಕಾರ.